ಅಣ್ಣ ಸೂಟು ತೊಟ್ಟ ಮಂಗಳವಾರದ ಬಗ್ಗೆ ಒಂದು ವಿನಮ್ರ ತಿದ್ದುಪಡಿ

ಗೆ,
ಮಾನ್ಯ ಗಂಟೆ ಹಂಚಿಕೆ ಅಧಿಕಾರಿಗಳು,
ಹಿರಿಯರ ಮನೆ ಆರೈಕೆ ವಿಭಾಗ, ಜಿಲ್ಲಾ ಆರೋಗ್ಯ ಕಚೇರಿ.

ಇಂದ,
ಡಿಂಪ್ನಾ ಮಲ್ವಿಹಿಲ್, ನಿವೃತ್ತ ದರ್ಜಿ,
ನಾಕ್‌ಡ್ರೀನ್ ಹಳ್ಳಿ, ಪಶ್ಚಿಮ ಐರ್ಲೆಂಡ್.

ಮಾನ್ಯರೇ,

ತಾವು ಸುಖವಾಗಿದ್ದೀರಿ, ತಮ್ಮ ಮನೆಯವರೆಲ್ಲರೂ ಆರೋಗ್ಯವಾಗಿದ್ದಾರೆ, ತಮ್ಮ ಮೇಜಿನ ಮೇಲಿನ ಗಡಿಯಾರವೂ ಸರಿಯಾಗಿ ಓಡುತ್ತಿದೆ ಎಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ಇತ್ತ ನಾವೂ ಕ್ಷೇಮ ಎಂದು ಮುಂದುವರಿಸುವುದು ಪತ್ರ ಬರೆಯುವವರ ಪದ್ಧತಿ. ಆದರೆ ಹಾಗೆ ಬರೆದರೆ ತಾವು ಆ ಒಂದು ಸಾಲನ್ನು ಕತ್ತರಿಸಿ ಕಡತಕ್ಕೆ ಅಂಟಿಸಿಕೊಂಡು, ಕೊಟ್ಟಿರುವ ಗಂಟೆಗಳನ್ನೂ ಹಿಂದಕ್ಕೆ ಪಡೆದೀರಿ ಎಂಬ ಅಂಜಿಕೆಯಿಂದ ಅದನ್ನು ಈ ಸಲ ಬಿಟ್ಟಿದ್ದೇನೆ, ಅವಿನಯವೆಂದು ತಿಳಿಯಬಾರದು.

ನನಗೆ ಎಪ್ಪತ್ತಾರು ವರ್ಷ. ಅದರಲ್ಲಿ ಐವತ್ತು ವರ್ಷ ಈ ಊರಿನವರ ಮದುವೆಗೂ ಮಣ್ಣಿಗೂ ಬೇಕಾದ ಬಟ್ಟೆ ಹೊಲಿದಿದ್ದೇನೆ. ನನ್ನ ಅಣ್ಣ ಕೋಲ್ಮನ್‌ಗೆ ಎಂಬತ್ತಮೂರು. ಅವನು ನಲವತ್ತೊಂದು ವರ್ಷ ಸೈಕಲ್ ತುಳಿದು ಇದೇ ಊರಿನ ಮನೆಮನೆಗೆ ಅಂಚೆ ಮುಟ್ಟಿಸಿದವನು. ಇಬ್ಬರೂ ಮದುವೆಯಾಗಲಿಲ್ಲ. ಏಕೆ ಎಂದು ಕೇಳುವ ಅಂಕಣ ತಮ್ಮ ಅರ್ಜಿ ನಮೂನೆಯಲ್ಲಿ ಇಲ್ಲವಾದ್ದರಿಂದ ನಾನೂ ಹೇಳುವುದಿಲ್ಲ. ಆರು ವರ್ಷಗಳಿಂದ ಅಣ್ಣನಿಗೆ ಪಾರ್ಕಿನ್ಸನ್ ಕಾಯಿಲೆ: ಕೈ ನಡುಗುತ್ತದೆ, ನಡೆಯುತ್ತಿದ್ದ ಕಾಲು ಇದ್ದಕ್ಕಿದ್ದಂತೆ ನೆಲಕ್ಕೆ ಅಂಟಿಕೊಳ್ಳುತ್ತದೆ. ಕಳೆದ ಆಗಸ್ಟ್‌ನಲ್ಲಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವನನ್ನು ಹಾಸಿಗೆಯಿಂದ ಏಳಿಸಲು, ಮೈ ತೊಳೆಯಲು, ಬಟ್ಟೆ ಹಾಕಲು, ಸಂಜೆ ಮತ್ತೆ ಹಾಸಿಗೆ ಸೇರಿಸಲು ಇನ್ನೊಬ್ಬರ ಕೈ ಬೇಕು. ಆ ಕೈಯನ್ನು ದಿನಕ್ಕೆ ಎರಡು ಸಲ ಕಳಿಸಿಕೊಡಿ ಎಂದು ಸರ್ಕಾರವನ್ನು ಕೇಳಿಕೊಂಡೆವು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ, ವಾರಕ್ಕೆ ಒಟ್ಟು ಏಳು ಗಂಟೆ.

ನಾಲ್ಕು ತಿಂಗಳು ಆಳವಾಗಿ ಯೋಚಿಸಿ ತಾವು ಇದೇ ಒಂಬತ್ತನೆಯ ತಾರೀಖು ದಯಪಾಲಿಸಿದ ಉತ್ತರ ಕೈಸೇರಿತು. ವಾರಕ್ಕೆ ಎರಡೂವರೆ ಗಂಟೆ ಮಂಜೂರಾಗಿದೆ: ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ ಅರ್ಧರ್ಧ ಗಂಟೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂದು ನಮ್ಮ ಅಜ್ಜಿಯಾಗಿದ್ದರೆ ಅನ್ನುತ್ತಿದ್ದಳು. ನಾನು ಅನ್ನುವುದಿಲ್ಲ, ಏಕೆಂದರೆ ಪತ್ರದ ಎರಡನೆಯ ಪುಟವನ್ನೂ ಓದಿದ್ದೇನೆ. ಇಪ್ಪತ್ತಾರನೆಯ ತಾರೀಖು ಬೆಳಿಗ್ಗೆ ಹನ್ನೊಂದಕ್ಕೆ ಪುನರ್‌ಪರಿಶೀಲನೆ ನಡೆಯುತ್ತದೆ, ಮಂಜೂರಾದ ಗಂಟೆಗಳು ಅರ್ಜಿದಾರರಿಗೆ ಸಾಲದು ಎಂದು ಅಂದು ಕಂಡುಬಂದರೆ ಅವರನ್ನು ಎಪ್ಪತ್ತು ಕಿಲೋಮೀಟರ್ ಆಚೆಯ ವೃದ್ಧರ ಆರೈಕೆ ಮನೆಗೆ ಸೇರಿಸಲು ಶಿಫಾರಸು ಮಾಡಲಾಗುವುದು, ಅಲ್ಲಿ ಹಾಸಿಗೆ ಖಾಲಿ ಇದೆ ಎಂದು ಅದರಲ್ಲಿ ತಾವು ತಿಳಿಸಿದ್ದೀರಿ. ಮನೆಯಲ್ಲಿರಲು ವಾರಕ್ಕೆ ಏಳು ಗಂಟೆ ಹುಟ್ಟದ ಸರ್ಕಾರದಲ್ಲಿ, ಮನೆ ಬಿಡಿಸಲು ವಾರದ ನೂರ ಅರವತ್ತೆಂಟು ಗಂಟೆಯೂ ಸಿದ್ಧವಾಗಿರುವುದನ್ನು ಕಂಡು ನನ್ನಂಥ ಕಡಿಮೆ ಓದಿದವಳು ಬೆರಗಾದರೆ ತಪ್ಪು ಹಿಡಿಯಬಾರದು.

ತಮ್ಮ ಲೆಕ್ಕದ ನಯವನ್ನು ಮೊದಲು ಹೊಗಳಬೇಕು. ಮೈ ತೊಳೆಯಲು ಹನ್ನೆರಡು ನಿಮಿಷ, ಬಟ್ಟೆಗೆ ಎಂಟು, ತಿಂಡಿಗೆ ಹತ್ತು ಎಂದು ತಾವು ಅರ್ಧ ಗಂಟೆಯನ್ನು ಕತ್ತರಿಸಿ ಜೋಡಿಸಿರುವ ರೀತಿ ನೋಡಿದರೆ, ತಾವು ದರ್ಜಿಯಾಗಿದ್ದರೆ ನನ್ನ ಅಂಗಡಿ ಎಂದೋ ಮುಚ್ಚಿಹೋಗುತ್ತಿತ್ತು. ಒಂದೇ ಒಂದು ಅಳತೆ ತಪ್ಪಿದೆ. ನಮ್ಮಣ್ಣನ ಅಂಗಿಯ ತೋಳಿನೊಳಗೆ ಅವನ ಕೈ ಹೋಗಲೊಪ್ಪುವುದಕ್ಕೇ ಕೆಲವು ದಿನ ಎಂಟು ನಿಮಿಷ ಬೇಕು, ಮತ್ತು ಅವನಿಗೆ ತೋಳು ಎರಡು.

ತಾವು ಕಳಿಸುವ ಆರೈಕೆಯವಳು ಗೊರೆಟ್ಟಿ, ಬಂಗಾರದಂಥ ಹೆಂಗಸು. ಇಪ್ಪತ್ತೆರಡು ಕಿಲೋಮೀಟರ್ ಕಾರು ಓಡಿಸಿಕೊಂಡು ಬಂದು, ದನ ನುಗ್ಗದಂತೆ ಗೇಟು ತೆಗೆದು ಮತ್ತೆ ಮುಚ್ಚಿ ಒಳಗೆ ಕಾಲಿಡುವಾಗಲೇ ಅವಳ ಅರ್ಧ ಗಂಟೆ ಸವೆಯತೊಡಗಿರುತ್ತದೆ. ಮೊದಲ ದಿನವೇ ಅವಳು ಕೈಚೆಲ್ಲಿ, "ಕೋಲ್ಮನ್, ಸ್ನಾನ ಮಾಡ್ಸಿ ಬಟ್ಟೆ ಹಾಕೋಷ್ಟು ಹೊತ್ತಿಲ್ಲ ಕಣಪ್ಪ. ಎರಡ್ರಲ್ಲಿ ಒಂದು ಹೇಳು, ಏನ್ ಮಾಡ್ಲಿ?" ಎಂದಳು. ಅಣ್ಣ ಸ್ವಲ್ಪ ಯೋಚಿಸಿ, "ಬಟ್ಟೇನೇ ಹಾಕಮ್ಮ. ತೊಳ್ದು ಹಂಗೇ ಬಿಟ್ಟೋದ್ರೆ, ಪಾದ್ರಿ ಬಂದ್ರೆ ಏನ್ ಗತಿ? ಕೊಳಕಾಗಿದ್ರೂ ಮಾನ ಉಳಿಯತ್ತೆ" ಎಂದ. ಅಂದಿನಿಂದ ಸೋಮವಾರ, ಬುಧವಾರ, ಶುಕ್ರವಾರ ಅವನಿಗೆ ಮಾನ; ಮಂಗಳವಾರ, ಗುರುವಾರ ಸ್ನಾನ, ಸ್ನಾನದ ಮೇಲೊಂದು ಕಂಬಳಿ. ಶನಿವಾರ, ಭಾನುವಾರ ಎರಡೂ ಇಲ್ಲ. ಆ ಎರಡು ದಿನ ನಾನಿದ್ದೇನೆ.

ಎರಡೂವರೆ ಗಂಟೆ ಎಂಬ ಈ ಅಂಕಿ ತಮಗೆ ಎಲ್ಲಿಂದ ಸಿಕ್ಕಿತು ಎಂಬುದನ್ನು ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ನಮ್ಮ ಪಾಲೂ ಇದೆ. ತಮ್ಮ ಕಚೇರಿಯ ನರ್ಸ್ ಓರ್ಲಾ ಫೋನ್ ಮಾಡಿ, ಅಣ್ಣನ ಸ್ಥಿತಿ ನೋಡಿ ಅಂಕ ಹಾಕಲು (ಕಷ್ಟ ಹೆಚ್ಚಿದ್ದಷ್ಟೂ ಅಂಕ ಹೆಚ್ಚು, ಗಂಟೆಯೂ ಹೆಚ್ಚು) ಮಂಗಳವಾರ ಹನ್ನೊಂದಕ್ಕೆ ಬರುವುದಾಗಿ ತಿಳಿಸಿದಳು. ಕಚೇರಿಯಿಂದ ಒಬ್ಬರು ಮನೆಗೆ ಬರುತ್ತಾರೆ ಎಂದರೆ ನಮ್ಮ ಕಡೆ ಏನೇನು ಶುರುವಾಗುತ್ತದೆ ಎಂಬುದು, ತಾವು ಈ ದೇಶದಲ್ಲೇ ಹುಟ್ಟಿದವರಾದ್ದರಿಂದ, ಗೊತ್ತೇ ಇರುತ್ತದೆ. ಶನಿವಾರವೇ ಕಿಟಕಿಗಳು ತೊಳೆಸಿಕೊಂಡವು, ಪರದೆಗಳು ಬಕೆಟ್ಟಿಗೆ ಬಿದ್ದವು, ಹೊಸ್ತಿಲು ಸುಣ್ಣ ಕಂಡಿತು. ಮಂಗಳವಾರ ಬೆಳಿಗ್ಗೆ ಸೋಡಾಬ್ರೆಡ್ ಬೇಯಿಸಿ, ಪೋಪರು ಬಂದರೆ ಇರಲಿ ಎಂದು ಅಮ್ಮ ಎತ್ತಿಟ್ಟಿದ್ದ ಚಿನ್ನದಂಚಿನ ಕಪ್ಪುಗಳನ್ನು ಕೆಳಗಿಳಿಸಿದೆ. ಇವನ್ನೆಲ್ಲ ಮಾಡಿದ್ದು ಒಂದು ತೋಳಿನ ನೋವಿನಲ್ಲಿ. ಆದರೆ ನೋವು ಕಣ್ಣಿಗೆ ಕಾಣುವುದಿಲ್ಲ, ಕಪ್ಪು ಕಾಣುತ್ತದೆ.

ಅಣ್ಣನಿಗೆ ನೀಲಿ ಸೂಟೇ ಬೇಕಾಯಿತು. ಅವನ ನಿವೃತ್ತಿಗೆಂದು ನಾನೇ ಹೊಲಿದದ್ದು; ಆಮೇಲೆ ಬೇರೆಯವರ ಶವಸಂಸ್ಕಾರಕ್ಕೆ ಮಾತ್ರ ಹೊರಬಿದ್ದದ್ದು. ಎದುರು ಮನೆಯ ಅಟ್ರಾಕ್ಟಾಳನ್ನು ಕರೆದು, ಇಬ್ಬರು ಮುದುಕಿಯರು ಸೇರಿ ಒಬ್ಬ ಮುದುಕನನ್ನು ಆ ಸೂಟಿನೊಳಗೆ ಸೇರಿಸಲು ಒಂದೂವರೆ ಗಂಟೆ ಹಿಡಿಯಿತು. ಅವನ ಕಾಯಿಲೆಯ ಮಾತ್ರೆ ನುಂಗಿದ ಮುಕ್ಕಾಲು ಗಂಟೆಗೆ ಹಿಡಿಯುತ್ತದೆ, ಎರಡು ಗಂಟೆ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಅವನು ಹಳೆಯ ಕೋಲ್ಮನ್. ಅತಿಥಿಯ ಮುಂದೆ ಅವನ ಕೈ ನಡುಗಬಾರದಲ್ಲ ಎಂದು ನಾನು, ಮೂರ್ಖಿ, ಗಡಿಯಾರ ನೋಡಿ ಸರಿಯಾಗಿ ಹತ್ತೂಕಾಲಿಗೆ ಮಾತ್ರೆ ಕೊಟ್ಟೆ. ನಡೆಯಲು ಹಿಡಿದುಕೊಳ್ಳುವ ಚೌಕಟ್ಟನ್ನು, "ಅದನ್ನ ಕೋಳಿ ಗೂಡಿಗೆ ಹಾಕು, ನೋಡಿದೋರು ಏನಂದ್ಕೋತಾರೆ" ಎಂದು ಅವನೇ ಸಾಗಹಾಕಿಸಿದ.

ಓರ್ಲಾ ಬಂದಾಗ ಅವನು ಬಾಗಿಲಲ್ಲಿ ನಿಂತಿದ್ದ. ಒಂದು ಕೈ ಬಾಗಿಲವಾಡದ ಮೇಲೆ ಆತುಕೊಂಡಿದ್ದರೂ ಅದು ಠೀವಿಯಂತೆ ಕಾಣುತ್ತಿತ್ತು.

"ಹೇಗಿದೀರಿ ಕೋಲ್ಮನ್?" ಎಂದಳು ಓರ್ಲಾ.

"ಏನೂ ತೊಂದ್ರೆ ಇಲ್ಲಮ್ಮ. ನನಗಿಂತ ಕಷ್ಟದಲ್ಲಿರೋರು ಎಷ್ಟು ಜನ. ನೀನು ಚಳೀಲಿ ಯಾಕ್ ನಿಂತೆ, ಬಾ ಒಳಗೆ."

"ಸ್ನಾನ ನೀವೇ ಮಾಡ್ಕೋತೀರಾ?"

"ಎಂಬತ್ತು ವರ್ಷದಿಂದ ಮಾಡ್ಕೊಂಡ್ ಬಂದಿದೀನಿ, ಮರ್ತುಹೋಗೋ ವಿದ್ಯೆನಾ ಅದು?"

"ಮೆಟ್ಟಿಲು?"

"ಇದೆಯಲ್ಲಮ್ಮ, ಅಗೋ ಅಲ್ಲಿ."

ಮಾನ್ಯರೇ, ಇದರಲ್ಲಿ ಒಂದಾದರೂ ಸುಳ್ಳಿದ್ದರೆ ತೋರಿಸಿ. ಮೆಟ್ಟಿಲು ಇದ್ದದ್ದು ನಿಜ. ಅವನು ಅದನ್ನು ಹತ್ತಿ ಆರು ತಿಂಗಳಾಗಿದ್ದದ್ದೂ ನಿಜ, ಆದರೆ ಅದನ್ನು ಅವಳು ಕೇಳಲಿಲ್ಲ. ಆಮೇಲೆ ಅವನು ಎದ್ದು ತಾನೇ ಚಹಾ ಬಗ್ಗಿಸಿದ. ಎಪ್ಪತ್ತಾರು ವರ್ಷದಲ್ಲಿ ಅವನು ಯಾರಿಗಾದರೂ ಚಹಾ ಬಗ್ಗಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಂದು ಹನಿ ಚೆಲ್ಲಲಿಲ್ಲ. ಓರ್ಲಾ ಬುದ್ಧಿವಂತೆ, ಅನುಮಾನ ಬಂದು, "ನಿಜ ಹೇಳಿ, ಯಾವಾಗ್ಲೂ ಹೀಗೇನಾ?" ಎಂದು ನನ್ನ ಮುಖ ನೋಡಿದಳು. ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ ನಾನು ಬ್ರೆಡ್ಡಿನ ತಟ್ಟೆಯನ್ನು ಅವಳ ಕಡೆ ಸರಿಸಿದೆ. ಅವಳ ಕಾರು ಓಣಿಯ ತಿರುವು ದಾಟುವುದರೊಳಗೆ ಅಣ್ಣ ಕುರ್ಚಿಯಲ್ಲಿ ಮರಗಟ್ಟಿದ. ಸೂಟಿನೊಳಗೆ ಸೇರಿಸಿದವರಿಗೆ ಹೊರತೆಗೆಯಲು ಆಗಲಿಲ್ಲ. ಸಂಜೆಯವರೆಗೆ ಟೈ ಕಟ್ಟಿಕೊಂಡೇ ಕೂತಿದ್ದ. ಮೇಲೆ ಥಳಕು, ಒಳಗೆ ಹುಳುಕು ಎಂಬುದಕ್ಕೆ ನಮ್ಮ ಮನೆ ಅಂದು ಪ್ರದರ್ಶನದಂತಿತ್ತು.

ಓರ್ಲಾಳ ಮೇಲೆ ನನಗೆ ದೂರಿಲ್ಲ. ನಮೂನೆಯ ಕೊನೆಯಲ್ಲಿ ಷರಾ ಬರೆಯುವ ಜಾಗದಲ್ಲಿ ಅವಳು, "ಇವರು ಕಷ್ಟವನ್ನು ಬಚ್ಚಿಡುತ್ತಿದ್ದಾರೆ ಎನ್ನಿಸುತ್ತದೆ, ಹೆಚ್ಚಿನ ಗಂಟೆ ಅಗತ್ಯ" ಎಂದು ಬರೆದಿದ್ದಾಳೆ. ಪ್ರತಿ ತರಿಸಿಕೊಂಡು ಓದಿದೆ. ಆದರೆ ಷರಾಕ್ಕೆ ಅಂಕವಿಲ್ಲವಂತೆ. ತಾವು ಕೂಡಿಸುವುದು ಅಂಕಗಳನ್ನು ಮಾತ್ರವಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತಿನಲ್ಲಿ ನಮ್ಮ ಪಾಲಿಗೆ ದೇವರು ಯಾರು, ಪೂಜಾರಿ ಯಾರು ಎಂಬುದನ್ನು ಬಿಡಿಸಿ ಹೇಳಿ ತಮ್ಮ ಅಮೂಲ್ಯ ಸಮಯ ಕಳೆಯುವುದಿಲ್ಲ.

ಇನ್ನು ಅಟ್ರಾಕ್ಟಾ. ಅವಳಿಗೆ ವಾರಕ್ಕೆ ಹತ್ತು ಗಂಟೆ ಸಿಕ್ಕಿದೆ, ಸಿಗಬೇಕಾದದ್ದೇ. ಒಂಟಿ ಹೆಂಗಸು, ಕಣ್ಣು ಮಂಜು, ಮೊಣಕಾಲು ಎರಡೂ ಹೋಗಿವೆ. ಅಣ್ಣನಿಗೆ ಅವಳು ಟೈ ಕಟ್ಟಿದ್ದು ಕೂತುಕೊಂಡೇ ಎಂದು ಪ್ರಮಾಣ ಮಾಡಿ ಹೇಳುತ್ತೇನೆ. ತಮ್ಮ ಪತ್ರ ಓದಿ ಅವಳು ತಲೆ ಚಚ್ಚಿಕೊಂಡಳು. "ಅಲ್ವೇ ಡಿಂಪ್ನಾ, ನಿಂಗೆ ಬುದ್ಧಿ ಯಾವಾಗ್ ಬರತ್ತೆ? ಗಂಟೆ ಕೊಡೋರು ಬರ್ತಾರೆ ಅಂದ್ರೆ ಯಾವಳಾದ್ರೂ ನೆಲ ಒರೆಸ್ತಾಳಾ? ನಾನು ಎರಡು ದಿನ ಕೋಳೀನ ಅಡುಗೆಮನೇಲೇ ಬಿಟ್ಕೊಂಡಿದ್ದೆ. ಹಲ್ಲು ತೆಗ್ದು ಜೇಬಲ್ಲಿ ಇಟ್ಕೊಂಡೆ. ಇವತ್ತು ಯಾವ ವಾರ ಅಂದ್ರೆ, ಅಮ್ಮನ್ನ ಕೇಳಿ ಹೇಳ್ತೀನಿ ಅಂದೆ. ಅಳ್ದೇ ಇದ್ರೆ ಹೆತ್ತೋಳೂ ಹಾಲು ಕೊಡಲ್ಲ ಕಣೇ, ಇನ್ನು ಆಫೀಸ್ನೋರು ಕೊಡ್ತಾರಾ?" ಈ ಸಾಲುಗಳನ್ನು ಆಧಾರವಾಗಿಟ್ಟುಕೊಂಡು ಅವಳ ಗಂಟೆಗೆ ಕತ್ತರಿ ಹಾಕಬಾರದೆಂದು ಕೈಮುಗಿದು ಬೇಡುತ್ತೇನೆ. ಕೋಳಿ ಅವಳದಲ್ಲ, ನಮ್ಮದು. ಎರಡು ದಿನಕ್ಕೆಂದು ಒಯ್ದಿದ್ದಳು.

ಆದದ್ದು ಆಯಿತು. ಮಂಜೂರಾದ ಗಂಟೆಗಳನ್ನು ಹೆಚ್ಚಿಸುವುದು ತಮಗೆ ಕಷ್ಟವಾದರೆ, ಬೇರೆ ಕೆಲವು ಸಣ್ಣ ಉಪಕಾರಗಳನ್ನಾದರೂ ಮಾಡಬಹುದು. ಪಾರ್ಕಿನ್ಸನ್ ಕಾಯಿಲೆಗೆ ತಮ್ಮ ಕಚೇರಿಯಿಂದ ಒಂದು ಸುತ್ತೋಲೆ ಹೊರಡಿಸಿ, ಸರ್ಕಾರಿ ನೌಕರರಂತೆ ಅದೂ ಶನಿವಾರ ಭಾನುವಾರ ರಜೆ ತೆಗೆದುಕೊಳ್ಳತಕ್ಕದ್ದೆಂದು ತಿಳಿಸಬೇಕು. ಅಣ್ಣನ ಮೂತ್ರಕೋಶಕ್ಕೆ ಪ್ರತ್ಯೇಕ ನೋಟಿಸು ಕಳಿಸಿ, ಬೆಳಗಿನ ಒಂಬತ್ತರಿಂದ ಒಂಬತ್ತೂವರೆಯೊಳಗೆ ಕೆಲಸ ಮುಗಿಸದಿದ್ದರೆ ಮರುದಿನದವರೆಗೆ ಕಾಯಬೇಕಾಗುತ್ತದೆ ಎಂದು ಎಚ್ಚರಿಸಬೇಕು. ನಲವತ್ತೊಂದು ವರ್ಷ ಸರ್ಕಾರದ ಲಕೋಟೆ ಹೊತ್ತ ಮೈ ಅದು, ಮೊಹರು ಕಂಡರೆ ಕೇಳಿದರೂ ಕೇಳೀತು. ಸಂಜೆಯ ಪಾಳಿ ಕೊಡಲಾಗದಿದ್ದರೆ ನಾಕ್‌ಡ್ರೀನ್ ಮಟ್ಟಿಗೆ ಸಂಜೆಯನ್ನೇ ರದ್ದು ಮಾಡಿ. ಬೆಳಿಗ್ಗೆ ಎಬ್ಬಿಸಿದವನನ್ನು ಮತ್ತೆ ಮಲಗಿಸುವ ಗೋಜೇ ಇರುವುದಿಲ್ಲ.

ನಗುತ್ತಿದ್ದೀರಾದರೆ ಸಂತೋಷ. ನಾವೂ ನಗುತ್ತೇವೆ. ಆದರೆ ಒಂದು ಮಾತನ್ನು ನಗದೆ ಹೇಳಬೇಕಾಗಿದೆ.

ಅಂದು ಓರ್ಲಾ ಹೊರಡುವ ಮುನ್ನ ನನ್ನನ್ನು ಪಕ್ಕಕ್ಕೆ ಕರೆದು, "ಮನೇಲಿ ನೀವಿದೀರಲ್ಲ ಡಿಂಪ್ನಾ, ನಿಮಗೆ ನಿಭಾಯ್ಸಕ್ಕಾಗತ್ತಾ?" ಎಂದು ಕೇಳಿದ್ದಳು. "ಓ, ಧಾರಾಳವಾಗಿ" ಎಂದಿದ್ದೆ. ಆ ಒಂದು ಉತ್ತರಕ್ಕೆ ಎಷ್ಟು ಅಂಕ ಕಳೆಯಿತು, ಎಷ್ಟು ಗಂಟೆ ಹೋಯಿತು ಎಂಬುದನ್ನು ತಮ್ಮ ಪತ್ರದಲ್ಲೇ ಓದಿದೆ: "ಸಮರ್ಥ ಆರೈಕೆದಾರರು ಮನೆಯಲ್ಲಿಯೇ ಇದ್ದಾರೆ." ಮಾನ್ಯರೇ, ಅದು ಸುಳ್ಳು. ನನಗೆ ಆಗುವುದಿಲ್ಲ. ನನ್ನ ಬಲತೋಳು ಭುಜದಿಂದ ಮೇಲೇಳುವುದಿಲ್ಲ, ಬೆರಳುಗಳು ಬೆಳಗಿನ ಹೊತ್ತು ಒಂದು ಗುಂಡಿಯನ್ನೂ ಹಾಕಲಾರವು. ಐವತ್ತು ವರ್ಷ ಈ ಊರಿಗೆಲ್ಲ ಗುಂಡಿ ಹೊಲಿದುಕೊಟ್ಟ ನನಗೆ ಹಾಗೆಂದು ಒಬ್ಬ ಹುಡುಗಿಯ ಮುಂದೆ ಹೇಳಲು ನಾಚಿಕೆಯಾಯಿತು.

ಹೋದ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅಣ್ಣ ಬಚ್ಚಲಲ್ಲಿ ಕುಸಿದ. ಎತ್ತಲು ಹೋಗಿ ನಾನೂ ಕೂತೆ. ಊರೆಲ್ಲ ಚರ್ಚಿಗೆ ಹೋಗಿತ್ತು. ಅವರು ತಿರುಗಿ ಬರುವವರೆಗೆ, ಹೆಚ್ಚುಕಡಿಮೆ ಮಧ್ಯಾಹ್ನದವರೆಗೆ, ಇಬ್ಬರೂ ಗೋಡೆಗೊರಗಿ ನೆಲದ ಮೇಲೆ ಅಕ್ಕಪಕ್ಕ ಕೂತಿದ್ದೆವು. ಮೊದಲ ಒಂದು ಗಂಟೆ ಅವನು ತಮಾಷೆ ಮಾಡಿದ. "ಡಿಂಪ್ನಾ, ಆ ನರ್ಸಮ್ಮಂಗೆ ಈಗ ಬರಕ್ಕೆ ಹೇಳೇ. ಇವತ್ತು ಅಂಕ ಚೆನ್ನಾಗ್ ಬೀಳತ್ತೆ" ಎಂದ. ಆಮೇಲೆ ನನ್ನ ಕಡೆ ನೋಡದೆ, "ನನ್ನ ಅಲ್ಲಿಗೆ ಕಳಿಸ್ಬೇಡ ಕಣೇ. ಅಲ್ಲಿ ನನ್ನ ಯಾರಿಗೂ ಗೊತ್ತಿಲ್ಲ" ಎಂದು ಅತ್ತ. ಅಮ್ಮ ಸತ್ತಾಗಲೂ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ. ಈ ಜಿಲ್ಲೆಯ ಈ ಭಾಗದಲ್ಲಿ ಪ್ರತಿ ಬಾಗಿಲನ್ನೂ ಬಲ್ಲವನು, ಪ್ರತಿ ನಾಯಿಯ ಹೆಸರನ್ನೂ ಬಲ್ಲವನು, ಗುರುತಿಲ್ಲದ ಊರಿನ ಗುರುತಿಲ್ಲದ ಕೋಣೆಯಲ್ಲಿ ಸಾಯಬೇಕೇ? ವಾರಕ್ಕೆ ನಾಲ್ಕೂವರೆ ಗಂಟೆ ಸಾಲದೆ ಬಂದದ್ದಕ್ಕೆ? ನನಗೆ ಸಿಟ್ಟು ಬರುತ್ತದೆ ಮಾನ್ಯರೇ, ತಮ್ಮ ಮೇಲೆ ಅರ್ಧ, ನನ್ನ ಮೇಲೆ ಅರ್ಧ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಇಪ್ಪತ್ತಾರನೆಯ ತಾರೀಖು ಹನ್ನೊಂದು ಗಂಟೆಗೆ ದಯವಿಟ್ಟು ಬರಬೇಡಿ. ಆ ಹೊತ್ತಿಗೆ ನಾವು ಚೆನ್ನಾಗಿರುತ್ತೇವೆ. ನಮ್ಮನ್ನು ನಾವು ಬಲ್ಲೆವು. ಅದಕ್ಕೆ ಮುಂಚೆ ಯಾವುದಾದರೊಂದು ದಿನ, ಬೆಳಿಗ್ಗೆ ಏಳು ಗಂಟೆಗೆ, ಅವನು ಮಾತ್ರೆ ನುಂಗುವ ಮುನ್ನ, ಫೋನ್ ಮಾಡದೆ, ಯಾರನ್ನೂ ಕಳಿಸದೆ, ತಾವೇ ಬನ್ನಿ. ನೋಡಿದ ಮೇಲೆ ಎಪ್ಪತ್ತು ಕಿಲೋಮೀಟರ್ ಆಚೆಯ ಹಾಸಿಗೆಯನ್ನಲ್ಲ, ನಾವು ಕೇಳಿದ ಏಳು ಗಂಟೆಯನ್ನು ಬರೆಯಿರಿ. ಬಾಗಿಲಿಗೆ ಅಗುಳಿ ಹಾಕಿರುವುದಿಲ್ಲ. ತಟ್ಟಬೇಡಿ, ಕೂಗಬೇಡಿ, ಸುಮ್ಮನೆ ಒಳಗೆ ನಡೆದು ಬನ್ನಿ. ತಟ್ಟಿದಿರೋ, ಅವನು ಎದ್ದು ನಿಲ್ಲಲು ಹೊರಡುತ್ತಾನೆ, ನಾನು ಅವನ ತಲೆ ಬಾಚಲು ಹೊರಡುತ್ತೇನೆ, ಮತ್ತೆ ಇಬ್ಬರೂ ಸೇರಿ ತಮಗೆ ಸುಳ್ಳು ಹೇಳಿಬಿಡುತ್ತೇವೆ.

ಸೋಮವಾರದಿಂದ ಶುಕ್ರವಾರದವರೆಗೆ,
ತಮ್ಮ ವಿಶ್ವಾಸಿ,
ಡಿಂಪ್ನಾ ಮಲ್ವಿಹಿಲ್

ವಿ. ಸೂ.: ತಮ್ಮ ಪತ್ರದ ಜೊತೆಗಿದ್ದ "ನಮ್ಮ ಸೇವೆ ತಮಗೆ ತೃಪ್ತಿ ತಂದಿದೆಯೇ?" ಎಂಬ ಚೀಟಿಯನ್ನು ಅಣ್ಣ ಹಟ ಹಿಡಿದು ತನ್ನ ಕೈಯಿಂದಲೇ ತುಂಬಿದ್ದಾನೆ, ಇದರೊಂದಿಗೆ ಲಗತ್ತಿಸಿದೆ. ಐದು ಪ್ರಶ್ನೆಗೂ "ಅತ್ಯುತ್ತಮ" ಎಂದೇ ಗುರುತು ಹಾಕಿದ್ದಾನೆ, ಬೇಡವೆಂದರೂ ಕೇಳಲಿಲ್ಲ. ಗುರುತುಗಳನ್ನು ಎಣಿಸುವ ಮುನ್ನ ಅವು ಕಾಗದದ ಮೇಲೆ ಎಲ್ಲಿಂದ ಎಲ್ಲಿಗೆ ಹೋಗಿವೆ ಎಂಬುದನ್ನು ಒಮ್ಮೆ ನೋಡಬೇಕು. ಆ ಐದು ಗೆರೆ ಎಳೆಯಲು ಅವನಿಗೆ ಎರಡು ಗಂಟೆ ಹಿಡಿಯಿತು. ತಮ್ಮ ಲೆಕ್ಕದಲ್ಲಿ ಈ ವಾರಕ್ಕೆ ಅವನಿಗೆ ಇನ್ನು ಅರ್ಧ ಗಂಟೆ ಉಳಿದಿದೆ.